ಕಾರಿನ ಸೀಟಿಗೆ ಮನೆಯಲ್ಲೇ ಬಣ್ಣ: ಯಾವ ಸೀಟಿಗೆ ಯಾವುದು ನಿಲ್ಲುತ್ತದೆ?

ಬಲಗಡೆ ಬಾಗಿಲು ತೆಗೆದು ಡ್ರೈವರ್ ಸೀಟಿಗೆ ಹತ್ತುವಾಗ ಮೈಭಾರ ಮೊದಲು ಬೀಳುವುದು ಸೀಟಿನ ಬಲಪಕ್ಕದ ದಿಂಡಿನ ಮೇಲೆ. ಇಳಿಯುವಾಗಲೂ ಅದನ್ನೇ ಉಜ್ಜಿಕೊಂಡು ಇಳಿಯುತ್ತೇವೆ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರೂ ವರ್ಷಕ್ಕೆ 1,400 ಸಲ ದಾಟುತ್ತದೆ. ಜೀನ್ಸಿನ ದಪ್ಪ ಹೊಲಿಗೆ, ಜೇಬಿನ ಮೂಲೆಯ ಲೋಹದ ಗುಂಡಿ, ಹಿಂದಿನ ಜೇಬಿನ ಪರ್ಸು, ಎಲ್ಲ ಸೇರಿ ಅದೊಂದೇ ಜಾಗವನ್ನು ತಿನ್ನುತ್ತವೆ. ಉಳಿದ ಸೀಟುಗಳು ಹೊಸದರ ಹಾಗೆ ಇದ್ದರೂ ಅಂಗೈ ಅಗಲದ ಆ ಒಂದು ಜಾಗ ಬೆಳ್ಳಗಾಗಿ ಇಡೀ ಕಾರನ್ನೇ ಹಳೆಯದು ಮಾಡಿಬಿಡುತ್ತದೆ.

ನಮ್ಮ ಮನೆಯ ಕಾರೂ ಹೀಗೇ ಆಗಿತ್ತು. ಹಳೆಯ ಸೆಡಾನ್, ಬೀಜ್ (ಮರಳಿನಂಥ ತಿಳಿ ಕಂದು) ಬಣ್ಣದ ಲೆದರ್ ಸೀಟು. ಡ್ರೈವರ್ ಸೀಟಿನ ದಿಂಡು ಸವೆದು ಬೂದು ಬಣ್ಣ ಕಾಣುತ್ತಿತ್ತು. ಪಕ್ಕದ ಸೀಟಿನ ಹೆಡ್‌ರೆಸ್ಟ್ ಅಪ್ಪನ ಕೊಬ್ಬರಿ ಎಣ್ಣೆ ಕುಡಿದು ಕಪ್ಪಗಾಗಿತ್ತು. ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಸೀಟು ಮುಟ್ಟಿ ಕೂಡ ನೋಡದೆ, 'ಐದೂ ಸೀಟಿನ ಕವರ್ ತೆಗೆದು ಹೊಸದು ಹೊಲಿಸಿ' ಅಂದರು. ಮನೆಗೆ ಬಂದು ಒಂದು ವಾರ ಯೋಚಿಸಿದೆ, ಓದಿದೆ, ಹಳೆಯ ಲೆದರ್ ಚೂರುಗಳ ಮೇಲೆ ಮೂರು ನಾಲ್ಕು ತರದ ಬಣ್ಣ ಹಚ್ಚಿ ನೋಡಿದೆ. ಆಮೇಲೆ ನಾನೇ ಕೈಹಾಕಿದೆ. ಒಂದೂವರೆ ದಿನದ ಕೆಲಸ. ಅವತ್ತು ಹಚ್ಚಿದ ಬಣ್ಣ ಮೂರು ವರ್ಷ ಆದರೂ ಇನ್ನೂ ನಿಂತಿದೆ.

ಬಣ್ಣ ಕೊಳ್ಳುವ ಮೊದಲು ನಿಮ್ಮ ಸೀಟಿನಲ್ಲಿ ಹೋಗಿರುವುದು ಏನು ಅಂತ ಗೊತ್ತಾಗಬೇಕು. ಬರೀ ಬಣ್ಣ ಹೋಗಿದೆಯಾ, ಅಥವಾ ಅದರ ಕೆಳಗಿನ ಪದರವೇ ಹೋಗಿದೆಯಾ? ಮೊದಲನೆಯದಾದರೆ ಮನೆಯಲ್ಲೇ ಚೆನ್ನಾಗಿ ಸರಿಮಾಡಬಹುದು. ಎರಡನೆಯದಾದರೆ ಎಷ್ಟೇ ದುಬಾರಿ ಬಣ್ಣ ಹಚ್ಚಿದರೂ ಅದು ಕೆಳಗಿನ ಪದರದ ಜೊತೆಗೇ ಕಿತ್ತು ಬರುತ್ತದೆ.

ಸೀಟು ಲೆದರಾ, ರೆಕ್ಸಿನಾ, ಬಟ್ಟೆಯಾ?

ಕಾರು ಕೊಳ್ಳುವಾಗ 'ಲೆದರ್ ಸೀಟು' ಅಂದಿದ್ದರು ಅಂತ ನಂಬಿ ಕೂರಬೇಡಿ. ನಮ್ಮಲ್ಲಿ ಲೆದರ್ ಅನ್ನಿಸಿಕೊಳ್ಳುವ ಎಷ್ಟೋ ಸೀಟುಗಳು ರೆಕ್ಸಿನ್ ಜಾತಿಯವು. ನಿಜವಾದ ಲೆದರ್ ಇರುವ ಕಾರಿನಲ್ಲೂ ಎಷ್ಟೋ ಸಲ ಮೈ ತಾಗುವ ಭಾಗಕ್ಕೆ ಮಾತ್ರ ಲೆದರ್. ಸೀಟಿನ ಹಿಂಬದಿ, ಪಕ್ಕ, ಹೆಡ್‌ರೆಸ್ಟಿನ ಹಿಂಭಾಗ ಎಲ್ಲ ರೆಕ್ಸಿನ್ ಆಗಿರುತ್ತದೆ. ಒಂದೇ ಸೀಟಿನಲ್ಲಿ ಎರಡು ಸಾಮಾನು ಇರಬಹುದು.

ಪರೀಕ್ಷೆ ಸುಲಭ. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಕವರನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿರುವ ಕಡೆ ಅದರ ಕತ್ತರಿಸಿದ ಅಂಚು ಕಾಣುತ್ತದೆ. ಹಿಂಬದಿ ತುಪ್ಪಳದ ಹಾಗೆ, ನಾರುನಾರಾಗಿ ಇದ್ದರೆ ಲೆದರ್. ಬಟ್ಟೆಯೋ ಬಲೆಯೋ ಕಂಡರೆ ರೆಕ್ಸಿನ್.

ರೆಕ್ಸಿನ್ನಿನಲ್ಲೂ ಎರಡು ಬಗೆ ಇವೆ. ಒಂದು ಪಿವಿಸಿ (ವಿನೈಲ್), ಇನ್ನೊಂದು ಪಿಯು (ಪಾಲಿಯುರೆಥೇನ್), ಎರಡೂ ಪ್ಲಾಸ್ಟಿಕ್ಕೇ. ಹಳೆಯದಾಗುವ ರೀತಿಯಲ್ಲೇ ಇವು ಬೇರೆಬೇರೆ. ಪಿವಿಸಿಯನ್ನು ಮೆತ್ತಗೆ ಇಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ ಹೊರಗೆ ಹೋಗುತ್ತದೆ. ಆಗ ಅದು ಬಿರುಸಾಗಿ, ಹೊಲಿಗೆಯ ಹತ್ತಿರ ಸೀಳುತ್ತದೆ. ಪಿಯು ಹಾಗಲ್ಲ. ಗಾಳಿಯ ತೇವ ಮತ್ತು ಬಿಸಿ ಸೇರಿ ಆ ಪ್ಲಾಸ್ಟಿಕ್ಕನ್ನೇ ಒಡೆಯುತ್ತವೆ. ಬಿಸಿಲಿಗೆ ಸುಟ್ಟ ಮೈಚರ್ಮದ ಹಾಗೆ ತೆಳ್ಳಗೆ ಸಿಪ್ಪೆ ಎದ್ದು, ಕೆಳಗಿನ ಬಟ್ಟೆ ಕಾಣುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಸೆಕೆಯಲ್ಲಿ ಇದು ಬೇಗ ಆಗುತ್ತದೆ. ಸೋಫಾ, ಹ್ಯಾಂಡ್‌ಬ್ಯಾಗ್‌ಗಳಲ್ಲೂ ನೋಡಿರುತ್ತೀರಿ. ಸುಮ್ನೆ ಇಟ್ಟಿದ್ದರೂ ಸಿಪ್ಪೆ ಏಳುತ್ತದೆ, ಅಲ್ವಾ? ಅದೇ ಇದು.

ಹೀಗೆ ಸಿಪ್ಪೆ ಎದ್ದ ಪಿಯು ಸೀಟಿಗೆ ಬಣ್ಣ ಹಚ್ಚಬೇಡಿ. ಯಾವ ಬಣ್ಣವೂ ಬೇಡ. ಉಗುರಿನಿಂದ ಮೆಲ್ಲಗೆ ಕೆರೆದಾಗ ಪಕ್ಕದ ಪದರವೂ ಎದ್ದು ಬಂದರೆ ಆ ಭಾಗದ ಕವರ್ ಬದಲಿಸುವುದೇ ಸರಿ. ಅದಕ್ಕೆ ಮುಂದೆ ಬರುತ್ತೇನೆ.

ಲೆದರ್ ಸೀಟಿಗೆ ಇನ್ನೊಂದು ಪರೀಕ್ಷೆ ಇದೆ. ಸವೆದ ಜಾಗದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ಮುತ್ತಿನಂತೆ ನಿಂತರೆ ಮೇಲಿನ ರಕ್ಷಣೆಯ ಪದರ ಇನ್ನೂ ಇದೆ, ಕಾಣುತ್ತಿರುವುದು ಬರೀ ಕೊಳೆ ಇರಬಹುದು. ನಿಧಾನವಾಗಿ ಹೀರಿಕೊಂಡು ಜಾಗ ಕಪ್ಪಾದರೆ ಆ ಮೇಲಿನ ಪದರ ಹೋಗಿದೆ, ಬಣ್ಣ ಬೇಕು ಅಂತ ಅರ್ಥ. ನನ್ನ ಸೀಟಿನಲ್ಲಿ ದಿಂಡಿನ ಮೇಲೆ ಬಿಟ್ಟ ಹನಿ ಅರ್ಧ ನಿಮಿಷದಲ್ಲಿ ಮಾಯವಾಯಿತು. ನಾಲ್ಕು ಬೆರಳು ಆಚೆಗೆ ಬಿಟ್ಟ ಹನಿ ಹಾಗೇ ಕೂತಿತ್ತು. ಎಲ್ಲಿಂದ ಎಲ್ಲಿವರೆಗೆ ಕೆಲಸ ಇದೆ ಅಂತ ಆ ಹನಿಗಳೇ ಗುರುತು ಹಾಕಿಕೊಟ್ಟವು.

'ಡೈ' ಅಂದರೂ ಅದು ಪೇಂಟ್

ಅಥಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೆನಪಿಸಿಕೊಳ್ಳಿ. ಆ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುತ್ತಾರೆ. ಮೈಮೇಲೆ ಯಾವ ಪ್ಲಾಸ್ಟಿಕ್ ಪದರವೂ ಇರುವುದಿಲ್ಲ. ಎಣ್ಣೆ ಹಚ್ಚಿದರೆ ಕುಡಿಯುತ್ತದೆ, ಬಣ್ಣ ಹಚ್ಚಿದರೆ ಒಳಗೆ ಇಳಿಯುತ್ತದೆ. ಕಾರಿನ ಸೀಟಿನ ಲೆದರ್ ಬೇರೆಯೇ ದಾರಿಯಲ್ಲಿ ಬಂದದ್ದು. ಸಾಮಾನ್ಯವಾಗಿ ಅದನ್ನು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿ, ಮೇಲೆ ಬಣ್ಣದ ಪದರ ಕೊಟ್ಟು, ಅದರ ಮೇಲೆ ಪಾಲಿಯುರೆಥೇನಿನ ಪಾರದರ್ಶಕ ಪದರ ಕೊಟ್ಟಿರುತ್ತಾರೆ. ಎರಡೂ ಸೇರಿ ಕೂದಲೆಳೆಯಷ್ಟು ತೆಳು. ನಾವು ದಿನಾ ಕೂರುವುದು ಚರ್ಮದ ಮೇಲಲ್ಲ, ಆ ಪದರದ ಮೇಲೆ. ಸವೆಯುವುದೂ ಅದೇ.

ಹಾಗಾಗಿ ನಾವು 'ಡೈ' ಅಂತ ಕರೆದರೂ ಮಾಡುತ್ತಿರುವ ಕೆಲಸ ಚರ್ಮಕ್ಕೆ ಬಣ್ಣ ಕುಡಿಸುವುದಲ್ಲ. ಹೋದ ಪದರವನ್ನು ಮತ್ತೆ ಕಟ್ಟುವುದು. ಇದು ತಲೆಯಲ್ಲಿದ್ದರೆ ಮುಂದಿನ ಆಯ್ಕೆ ಅರ್ಧ ಮುಗಿದ ಹಾಗೆ.

ಯಾವ ಬಣ್ಣ ಕೊಳ್ಳಬೇಕು

ಲೆದರ್ ಸೀಟಿಗೆ ನನ್ನ ಮೊದಲ ಮತ್ತು ಗಟ್ಟಿಯಾದ ಶಿಫಾರಸು ನೀರಿನಲ್ಲಿ ಕಲಸಿದ ಪಿಗ್ಮೆಂಟ್ ಬಣ್ಣ. 'ಲೆದರ್ ಕಲರೆಂಟ್', 'ಲೆದರ್ ರೀಕಲರಿಂಗ್ ಕಿಟ್' ಅಂತೆಲ್ಲ ಮಾರುತ್ತಾರೆ. ಬಾಟಲಿಯ ಮೇಲೆ 'ವಾಟರ್ ಬೇಸ್ಡ್' ಅಂತ ಇರಬೇಕು, ಜೊತೆಗೆ ಬೇರೆ ಬಾಟಲಿಯಲ್ಲಿ ಟಾಪ್ ಕೋಟ್ (ಬಣ್ಣದ ಮೇಲೆ ಹಚ್ಚುವ ರಕ್ಷಣೆಯ ಪದರ) ಇರಬೇಕು. ಇದರಲ್ಲಿ ಬಣ್ಣದ ಪುಡಿಯ ಜೊತೆ ಅಕ್ರಿಲಿಕ್ ಅಥವಾ ಪಾಲಿಯುರೆಥೇನಿನ ಅಂಟು ಇರುತ್ತದೆ. ನೀರು ಆರಿದ ಮೇಲೆ ಆ ಅಂಟಿನ ಕಣಗಳು ಒಂದಕ್ಕೊಂದು ಕೂಡಿ, ಎಳೆದರೆ ಹಿಗ್ಗುವಂಥ ಪದರ ಆಗುತ್ತದೆ. ಕಂಪನಿಯಿಂದ ಬಂದ ಪದರವೂ ಇದೇ ಜಾತಿಯದ್ದು. ವಾಸನೆ ಕಡಿಮೆ. ತಪ್ಪಾದರೆ ಹಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚಬಹುದು. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಈ ಸಮಾಧಾನ ದೊಡ್ಡದು. ಮುಂದಿನ ಎರಡು ಸೀಟಿಗೆ ಸುಮಾರು 250 ಮಿಲಿ ಸಾಕು.

ಇದರ ಕಷ್ಟ ತಾಳ್ಮೆ ಬೇಡುವುದು. ಒಂದೇ ಕೋಟಿನಲ್ಲಿ ಮುಗಿಯುವುದಿಲ್ಲ. ನಾಲ್ಕೈದು ತೆಳು ಕೋಟು ಬೇಕು, ಪ್ರತಿಯೊಂದೂ ಆರಬೇಕು. ಕೆಳಗಿನ ಮೈ ಚೊಕ್ಕಟವಾಗಿಲ್ಲದಿದ್ದರೆ ಹಿಡಿಯುವುದೂ ಇಲ್ಲ.

ಪಿವಿಸಿ ರೆಕ್ಸಿನ್ ಸೀಟಾದರೆ ಆಟ ಸ್ವಲ್ಪ ಬದಲಾಗುತ್ತದೆ. ಅಲ್ಲಿ ವಿನೈಲ್ ಸ್ಪ್ರೇ ಡಬ್ಬಿಗೆ ಒಂದು ಬಲ ಇದೆ. ಅದರಲ್ಲಿರುವ ದ್ರಾವಕ ಪಿವಿಸಿಯ ಮೇಲ್ಮೈಯನ್ನು ಕೊಂಚ ಮೆತ್ತಗೆ ಮಾಡಿ ಬಣ್ಣವನ್ನು ಅದರೊಳಗೆ ಕಚ್ಚಿಸುತ್ತದೆ. ಬೇಗ ಆರುತ್ತದೆ, ಬ್ರಷ್ಷಿನ ಗೆರೆ ಇರುವುದಿಲ್ಲ. ಬಾಗಿಲಿನ ಪ್ಯಾಡು, ಸೀಟಿನ ಹಿಂಬದಿ, ಆರ್ಮ್‌ರೆಸ್ಟಿನ ಪಕ್ಕ, ಹೀಗೆ ಜಾಸ್ತಿ ಮಡಿಚಿ ಬಿಚ್ಚಿ ಆಗದ ಜಾಗಕ್ಕೆ ಇದು ಚೆನ್ನ. ಆದರೆ ಲೆದರಿನ ಕೂರುವ ಭಾಗಕ್ಕೆ ನಾನು ಇದನ್ನು ಹಾಕುವುದಿಲ್ಲ. ನನ್ನ ಲೆದರ್ ಚೂರಿನ ಮೇಲೆ ಸ್ಪ್ರೇ ಹೊಡೆದು, ಎರಡು ದಿನ ಬಿಟ್ಟು, ಐವತ್ತು ಸಲ ಮಡಚಿದಾಗ ಮಡಿಕೆಯ ಉದ್ದಕ್ಕೂ ಸಣ್ಣ ಬಿರುಕು ಬಂತು. ಪಿಗ್ಮೆಂಟ್ ಹಚ್ಚಿದ ಚೂರು ಅಷ್ಟೇ ಸಲ ಮಡಚಿದರೂ ಹಾಗೇ ಇತ್ತು.

ಸ್ಪ್ರೇ ಬಳಸುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ. ಅದರ ಹಬೆಗೆ ಬೆಂಕಿ ಹತ್ತುತ್ತದೆ, ತಲೆಯೂ ಸುತ್ತುತ್ತದೆ. ಬಟ್ಟೆಯ ಮಾಸ್ಕ್ ಆ ಹಬೆಯನ್ನು ತಡೆಯುವುದಿಲ್ಲ. ನಾಲ್ಕೂ ಬಾಗಿಲು ತೆಗೆದು ಬಯಲಲ್ಲಿ ಮಾಡಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೇಡವೇ ಬೇಡ. ಸ್ಪ್ರೇ ಹನಿ ಮೇಲ್ಛಾವಣಿಯ ಬಟ್ಟೆಗೂ ಗಾಜಿಗೂ ಹಾರುತ್ತದೆ, ಹಳೆಯ ಬೆಡ್‌ಶೀಟಿನಲ್ಲಿ ಮುಚ್ಚಿ. ಉಳಿದ ಡಬ್ಬಿಯನ್ನು ಕಾರಿನಲ್ಲೇ ಬಿಡಬೇಡಿ. ಬಿಸಿಲಲ್ಲಿ ನಿಂತ ಕಾರು 50 ಡಿಗ್ರಿ ದಾಟುತ್ತದೆ, ಆ ಶಾಖಕ್ಕೆ ಡಬ್ಬಿ ಸಿಡಿಯಬಹುದು.

ಮೂರನೆಯದು ಸ್ಪಿರಿಟ್ ಡೈ. ಬೆಲ್ಟು, ಶೂ ಮಾಡುವವರು ಬಳಸುವ, ನೀರಿನ ಹಾಗೆ ತೆಳ್ಳಗಿರುವ ಬಣ್ಣ. ಚಪ್ಪಲಿಯಂಥ ಬರಿಯ ಚರ್ಮಕ್ಕೆ ಇದು ಅದ್ಭುತ. ಕಾರಿನ ಸೀಟಿನ ಮೇಲೆ ಪದರ ಇರುವ ಕಡೆ ಜಾರುತ್ತದೆ, ಪದರ ಹೋದ ಕಡೆ ಮಾತ್ರ ಇಳಿಯುತ್ತದೆ. ಸೀಟು ಮಚ್ಚೆಮಚ್ಚೆ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಬೆವರಿಗೆ ಬಣ್ಣ ಬಿಟ್ಟು ಬಟ್ಟೆಗೆ ಹತ್ತುತ್ತದೆ. ಬಿಳಿ ಪಂಚೆ ಉಟ್ಟು ಮದುವೆಗೆ ಹೊರಟವರಿಗೆ ಹೀಗಾದರೆ ಹೇಗೆ ಅಂತ ಯೋಚಿಸಿ. ಸೀಟಿಗೆ ಇದು ಬೇಡ.

ಶೂ ಪಾಲಿಷ್ ಹಚ್ಚಿ ಅಂತ ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಮೇಣ. ಬಟ್ಟೆಗೆ ಹತ್ತುವುದು ಒಂದು ಕಡೆ, ನಾಳೆ ಸರಿಯಾದ ಬಣ್ಣ ಹಚ್ಚಬೇಕು ಅಂದಾಗ ಆ ಮೇಣ ಬಿಡಿಸುವುದೇ ಒಂದು ದಿನದ ಕೆಲಸ ಆಗುತ್ತದೆ. 'ಲೆದರ್ ಬಾಮ್' ಅಂತ ಬರುವ, ಬೆರಳಲ್ಲಿ ಒರೆಸುವ ಬಣ್ಣದ ಕ್ರೀಮುಗಳು ಇದಕ್ಕಿಂತ ಎಷ್ಟೋ ವಾಸಿ. ಸವೆತ ಇಲ್ಲದೆ ಬರೀ ಮಂಕಾಗಿರುವ ಸೀಟಿಗೆ ಕೆಲವು ತಿಂಗಳು ಕಳೆ ಕೊಡುತ್ತವೆ. ಸವೆದ ದಿಂಡನ್ನು ಮುಚ್ಚುವ ಶಕ್ತಿ ಅವಕ್ಕೆ ಇಲ್ಲ.

ಇನ್ನು ಬಟ್ಟೆಯ ಸೀಟು. ಇಲ್ಲಿ ನೇರವಾಗಿ ಹೇಳುತ್ತೇನೆ, ಬಣ್ಣ ಹಾಕುವ ಯೋಚನೆ ಬಿಡಿ. ಕಾರಿನ ಸೀಟಿನ ಬಟ್ಟೆ ಬಹುತೇಕ ಪಾಲಿಯೆಸ್ಟರ್. ಹತ್ತಿಗೆ ಹಾಕುವ ಡೈ ಅದಕ್ಕೆ ಹಿಡಿಯುವುದೇ ಇಲ್ಲ. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಡೈ ಅನ್ನುವ ಬೇರೆ ಬಣ್ಣ ಬೇಕು. ಅದನ್ನು ಕಾರ್ಖಾನೆಗಳಲ್ಲಿ ಸುಮಾರು 130 ಡಿಗ್ರಿ ಶಾಖದಲ್ಲಿ, ಒತ್ತಡದ ಪಾತ್ರೆಯಲ್ಲಿ ಹಾಕುತ್ತಾರೆ. ಫೋಮಿನ ಮೇಲೆ ಬಿಗಿದು ಕೂರಿಸಿದ ಸೀಟಿನಲ್ಲಿ ಅದು ಹೇಗೆ ಸಾಧ್ಯ? ಫ್ಯಾಬ್ರಿಕ್ ಪೇಂಟ್ ಹೊಡೆದರೆ ಬಟ್ಟೆ ರಟ್ಟಿನ ಹಾಗೆ ಬಿರುಸಾಗುತ್ತದೆ. ಬಟ್ಟೆಯ ಸೀಟನ್ನು ನೀರು ಹೀರುವ ವ್ಯಾಕ್ಯೂಮ್ ಮಷಿನ್ನಿನಲ್ಲಿ ತೊಳೆಸಿ. ಎಷ್ಟೋ ಸೀಟುಗಳ ಬಣ್ಣ ಹೋಗಿರುವುದಿಲ್ಲ, ಧೂಳು ಕೂತಿರುತ್ತದೆ ಅಷ್ಟೇ.

ಬಣ್ಣಕ್ಕಿಂತ ತೊಳೆಯುವ ಕೆಲಸ ದೊಡ್ಡದು

ನಾನು ಮಾಡಿದ ಕ್ರಮ ಹೇಳುತ್ತೇನೆ. ಅಪ್ಪನ ಹೆಡ್‌ರೆಸ್ಟಿನ ಎಣ್ಣೆ ತೆಗೆದದ್ದನ್ನು ಬಿಟ್ಟರೆ, ಒಂದೂವರೆ ದಿನದಲ್ಲಿ ಪೂರ್ತಿ ಒಂದು ದಿನ ಹೋದದ್ದು ಬರೀ ತಯಾರಿಗೆ.

ಮೊದಲು ಲೆದರ್ ಕ್ಲೀನರನ್ನು ಮೆತ್ತನೆಯ ಬ್ರಷ್ಷಿನಲ್ಲಿ ನೊರೆ ಮಾಡಿ, ಸಣ್ಣಸಣ್ಣ ಭಾಗವಾಗಿ ಉಜ್ಜಿದೆ. ನೊರೆ ಚಹಾದ ಬಣ್ಣಕ್ಕೆ ತಿರುಗಿತು. ಒರೆಸಿ, ಮತ್ತೆ ಉಜ್ಜಿ, ನೊರೆ ಬೆಳ್ಳಗೆ ಬರುವ ತನಕ ನಾಲ್ಕು ಸಲ ಮಾಡಿದೆ. ಇಲ್ಲಿ ಒಂದು ಒಳ್ಳೆಯ ಸುದ್ದಿ ಕಾದಿತ್ತು. ಹಿಂದಿನ ಸೀಟಿನಲ್ಲಿ ಬಣ್ಣ ಹೋಗಿದೆ ಅಂದುಕೊಂಡಿದ್ದ ನೀಲಿ ಛಾಯೆ ಜೀನ್ಸಿನದಾಗಿತ್ತು. ತೊಳೆದ ಮೇಲೆ ಅಲ್ಲಿ ಬಣ್ಣದ ಅಗತ್ಯವೇ ಉಳಿಯಲಿಲ್ಲ. ಅದಕ್ಕೇ ತೊಳೆಯುವ ಮೊದಲು ಬಣ್ಣದ ಲೆಕ್ಕ ಹಾಕಬೇಡಿ.

ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಿಳಿ ಬಟ್ಟೆಗೆ ಹಾಕಿ, ಒತ್ತದೆ ಒರೆಸಿದೆ. ಬಟ್ಟೆಗೆ ಸ್ವಲ್ಪ ಸೀಟಿನ ಬಣ್ಣ ಬರುತ್ತದೆ, ಹೆದರಬೇಡಿ. ಇದರ ಉದ್ದೇಶ ಎಣ್ಣೆ ಮತ್ತು ಸಿಲಿಕೋನ್ ತೆಗೆಯುವುದು. ಕಾರ್ ವಾಷ್ ಅಂಗಡಿಗಳಲ್ಲಿ ಡ್ಯಾಶ್‌ಬೋರ್ಡಿಗೆ ಹೊಡೆಯುವ ಹೊಳಪಿನ ಪಾಲಿಷನ್ನೇ ಎಷ್ಟೋ ಕಡೆ ಸೀಟಿಗೂ ಒರೆಸುತ್ತಾರೆ. ಅದರಲ್ಲಿ ಸಿಲಿಕೋನ್ ಇದ್ದರೆ, ಬಣ್ಣ ಹಚ್ಚಿದಾಗ ಮೀನಿನ ಕಣ್ಣಿನ ಹಾಗೆ ದುಂಡುದುಂಡಗೆ ಬಿಟ್ಟುಕೊಳ್ಳುತ್ತದೆ. ಥಿನ್ನರ್, ಅಸಿಟೋನ್ ಮಾತ್ರ ಮುಟ್ಟಬೇಡಿ. ರೆಕ್ಸಿನ್ನನ್ನಂತೂ ಅವು ಕರಗಿಸಿಯೇ ಬಿಡುತ್ತವೆ.

ಅಪ್ಪನ ಹೆಡ್‌ರೆಸ್ಟ್ ನನ್ನನ್ನು ಹೆಚ್ಚು ಕಾಡಿತು. ಲೆದರಿನೊಳಗೆ ಇಳಿದ ಕೊಬ್ಬರಿ ಎಣ್ಣೆ ಮೇಲಿಂದ ಎಷ್ಟು ಒರೆಸಿದರೂ ಒಂದು ಗಂಟೆಗೆ ಮತ್ತೆ ಮೇಲೆ ಬರುತ್ತಿತ್ತು. ಟಾಲ್ಕಂ ಪೌಡರ್ ದಪ್ಪಗೆ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಪೌಡರ್ ಹಳದಿಯಾಗಿ ಗಂಟುಗಟ್ಟಿತ್ತು. ಹೀಗೆ ಮೂರು ರಾತ್ರಿ ಮಾಡಿದ ಮೇಲೆ ಎಣ್ಣೆ ಬರುವುದು ನಿಂತಿತು. ಹಾಗಾಗಿ ಹೆಡ್‌ರೆಸ್ಟಿಗೆ ಎಣ್ಣೆ ಕುಡಿದಿದ್ದರೆ ಆ ಕೆಲಸವನ್ನು ಒಂದು ವಾರ ಮೊದಲೇ ಶುರು ಮಾಡಿ.

ಸವೆದ ಜಾಗಕ್ಕೆ 600 ನಂಬರಿನ ವಾಟರ್ ಪೇಪರ್ (ನಯವಾದ ಮರಳು ಕಾಗದ) ತೆಗೆದುಕೊಂಡು, ಸಡಿಲವಾದ ಚಕ್ಕೆ ಹೋಗುವಷ್ಟು, ಅಂಚು ಬೆರಳಿಗೆ ತಗುಲದಷ್ಟು ಮಾತ್ರ ತಿಕ್ಕಿದೆ. ಮೂರು ಕಡೆ ಸಣ್ಣ ಬಿರುಕಿತ್ತು. ಅದಕ್ಕೆ ಲೆದರ್ ಫಿಲ್ಲರನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಳೆದೆ. ದಪ್ಪಗೆ ಒಂದೇ ಸಲ ತುಂಬಿದರೆ ಆರುವಾಗ ಕುಗ್ಗಿ ಮತ್ತೆ ಗುಳಿ ಬೀಳುತ್ತದೆ. ತೆಳ್ಳಗೆ ಮೂರು ಸಲ ಎಳೆದು, ಪ್ರತಿ ಸಲ ಆರಿಸಿ, ಕೊನೆಗೆ ಮತ್ತೆ ಹಗುರವಾಗಿ ತಿಕ್ಕಬೇಕು. ಪೂರ್ತಿ ಸೀಳಿದ್ದರೆ ಕೆಳಗೆ ಬಟ್ಟೆಯ ತೇಪೆ ತೂರಿಸಿ, ಬಗ್ಗುವಂಥ ಗಮ್ಮಿನಲ್ಲಿ ಅಂಟಿಸಿ. ಕ್ಷಣದಲ್ಲಿ ಕಚ್ಚುವ ಗಮ್ ಗಾಜಿನ ಹಾಗೆ ಗಟ್ಟಿಯಾಗಿ ಪಕ್ಕದಲ್ಲೇ ಮತ್ತೊಂದು ಸೀಳು ತರುತ್ತದೆ.

ದಿಂಡನ್ನು ಒಮ್ಮೆ ಅಮುಕಿಯೂ ನೋಡಿ. ಒಳಗಿನ ಫೋಮ್ ಕುಸಿದಿದ್ದರೆ ಮೇಲಿನ ಲೆದರ್ ಸಡಿಲಾಗಿ ಪ್ರತಿ ಸಲ ಮಡಿಚಿಕೊಳ್ಳುತ್ತದೆ. ಅಂಥ ಜಾಗದಲ್ಲಿ ಎಂಥ ಬಣ್ಣವೂ ಬೇಗ ಬಿರುಕು ಬಿಡುತ್ತದೆ. ಫೋಮ್ ಮೊದಲು, ಬಣ್ಣ ಆಮೇಲೆ.

ಬಣ್ಣ ಹೊಂದಿಸುವುದು, ಹಚ್ಚುವುದು

ಬೇರೆ ಬಣ್ಣಕ್ಕೆ ಹೋಗುವ ಆಸೆ ಬಹಳ ಜನರಿಗೆ ಇರುತ್ತದೆ. ಬೀಜ್ ಬೇಗ ಕೊಳೆಯಾಗುತ್ತದೆ, ಕಪ್ಪು ಮಾಡಿಬಿಡೋಣ ಅಂತ. ಮಾಡಬಹುದು, ಆದರೆ ಒಂದು ಗೀರು ಬಿದ್ದರೂ ಕೆಳಗಿನ ಬೀಜ್ ಬೆಳ್ಳಗೆ ಇಣುಕುತ್ತದೆ. ಹೊಲಿಗೆಯ ದಾರವೂ ಕಪ್ಪಾಗುತ್ತದೆ. ಕಪ್ಪಿನಿಂದ ಬೀಜ್‌ಗೆ ಬರುವುದಂತೂ ಬೇಡ, ಮುಚ್ಚಲು ಎಷ್ಟು ಕೋಟು ಬೇಕೋ ಅಷ್ಟರಲ್ಲಿ ಲೆದರಿನ ರಂಧ್ರ, ಗೆರೆ ಎಲ್ಲ ಮುಚ್ಚಿ ಪ್ಲಾಸ್ಟಿಕ್ ಕುರ್ಚಿಯ ಹಾಗೆ ಕಾಣುತ್ತದೆ. ಇದ್ದ ಬಣ್ಣವನ್ನೇ ಹಚ್ಚಿದರೆ ಮುಂದೆ ಸವೆದರೂ ಎದ್ದು ಕಾಣುವುದಿಲ್ಲ.

ಬಣ್ಣ ಹೊಂದಿಸಲು ಹೆಡ್‌ರೆಸ್ಟ್ ತುಂಬ ಉಪಕಾರಿ. ಗುಂಡಿ ಒತ್ತಿದರೆ ಎದ್ದು ಬರುತ್ತದೆ, ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಒಯ್ಯಬಹುದು. ತೊಳೆದ ಮೇಲೆ ಒಯ್ಯಿರಿ, ಇಲ್ಲದಿದ್ದರೆ ಕೊಳೆಯ ಬಣ್ಣಕ್ಕೆ ಹೊಂದಿಸಿಕೊಂಡು ಬರುತ್ತೀರಿ. ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಹೊರಗೆ ಹಗಲಿನ ನೆರಳಿನಲ್ಲಿ ನೋಡಿ. ಹಸಿ ಬಣ್ಣ ಒಂದು ತರ, ಆರಿದ್ದು ಇನ್ನೊಂದು ತರ. ಬೆರಳಲ್ಲಿ ಒಂದು ಚುಕ್ಕೆ ಸೀಟಿನ ಕೆಳಗಿನ ಅಂಚಿಗೆ ಇಟ್ಟು, ಹೇರ್ ಡ್ರೈಯರಿನಲ್ಲಿ ಆರಿಸಿ ಹೋಲಿಸಿ. ನನ್ನ ಬೀಜ್ ಸ್ವಲ್ಪ ಗುಲಾಬಿ ಕಡೆಗೆ ಹೋಗುತ್ತಿತ್ತು. ಹಲ್ಲುಕಡ್ಡಿಯ ತುದಿಯಲ್ಲಿ ಹಳದಿ, ಅದಕ್ಕಿಂತ ಕಡಿಮೆ ಕಪ್ಪು ಬೆರೆಸಿ ಆರು ಸಲ ಚುಕ್ಕೆ ಇಟ್ಟ ಮೇಲೆ ಸೇರಿತು.

ಹಚ್ಚಲು ಬ್ರಷ್ ಬೇಡ, ಪಾತ್ರೆ ತೊಳೆಯುವ ಹಳದಿ ಸ್ಪಾಂಜಿನ ಹೊಸ ತುಂಡು ಸಾಕು. ಮೊದಲ ಕೋಟು ತೀರ ತೆಳು, ಒಳಗೆ ತಿಕ್ಕುವ ಹಾಗೆ. ಅದು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಗೆರೆಗೆರೆಯಾಗಿ, ಅಲ್ಲಲ್ಲಿ ಹಳೆಯದು ಕಾಣುತ್ತ ಇರುತ್ತದೆ. ಇಲ್ಲಿ ಗಾಬರಿಯಾಗಿ ದಪ್ಪ ಬಳಿಯುವವರೇ ಕೆಡಿಸಿಕೊಳ್ಳುವುದು. ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ಆರಿಸಿ, ಅದು ತಣಿದು ಕೈಗೆ ಅಂಟದಂತಾದ ಮೇಲೆ ಎರಡನೆಯದು. ಈ ಸಲ ಸ್ಪಾಂಜನ್ನು ಎಳೆಯದೆ ತಟ್ಟುತ್ತ ಹೋಗಿ. ಎಳೆದರೆ ಗೆರೆ, ತಟ್ಟಿದರೆ ಲೆದರಿನ ತರಿತರಿ ಮೈ ಹಾಗೇ ಉಳಿಯುತ್ತದೆ. ಮೂರನೆಯ ಕೋಟಿನಲ್ಲಿ ಸೀಟು ಒಮ್ಮೆಲೇ ತನ್ನ ಬಣ್ಣಕ್ಕೆ ಬಂದ ಹಾಗೆ ಕಾಣುತ್ತದೆ. ನಾನು ಐದಕ್ಕೆ ನಿಲ್ಲಿಸಿದೆ. ಬಣ್ಣ ಹೋದ ತೇಪೆಗೆ ಮಾತ್ರ ಹಚ್ಚದೆ, ಹೊಲಿಗೆಯಿಂದ ಹೊಲಿಗೆವರೆಗೆ ಆ ಇಡೀ ಭಾಗಕ್ಕೆ ಹಚ್ಚಿ. ಆಗ ಅಂಚು ಹೊಲಿಗೆಯಲ್ಲಿ ಅಡಗುತ್ತದೆ.

ಗಾಳಿ ಬರುವ, ತೂತುತೂತಿನ ಸೀಟಾದರೆ ಸ್ಪಾಂಜಿನಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ಹಿಂಡಿ ತಟ್ಟಬೇಕು. ತೂತು ಮುಚ್ಚಿದರೆ ಬಿಡಿಸುವುದು ಕಷ್ಟ.

ಕೊನೆಗೆ ಟಾಪ್ ಕೋಟ್, ಎರಡು ತೆಳು ಪದರ. ಮ್ಯಾಟ್ ಅಥವಾ ಸ್ಯಾಟಿನ್ ತೆಗೆದುಕೊಳ್ಳಿ. ಬಣ್ಣದ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳದಿರಬಹುದು, ಹೊಳಪಿನ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ. ಟಾಪ್ ಕೋಟ್ ಬಿಟ್ಟರೆ ಬಣ್ಣ ಜೀನ್ಸಿಗೆ ಒಂದೆರಡು ತಿಂಗಳಲ್ಲಿ ಶರಣಾಗುತ್ತದೆ. ಒಂದು ದಿನ ಪೂರ್ತಿ ಕೂರಬೇಡಿ. ಒಂದು ವಾರ ನೀರು, ಕ್ಲೀನರ್ ತಾಗಿಸಬೇಡಿ. ಆ ವಾರ ಕಳೆದ ಮೇಲೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಜೋರಾಗಿ ಇಪ್ಪತ್ತು ಸಲ ಉಜ್ಜಿ ನೋಡಿ. ಬಟ್ಟೆ ಬೆಳ್ಳಗೇ ಇದ್ದರೆ ಧೈರ್ಯವಾಗಿ ಬಿಳಿ ಅಂಗಿ ಹಾಕಿಕೊಂಡು ಕೂರಿ.

ಕಾಲವನ್ನೂ ನೋಡಿಕೊಳ್ಳಿ. ಜಡಿಮಳೆಯ ಆಷಾಢದಲ್ಲಿ ನೀರಿನ ಬಣ್ಣ ಆರುವುದೇ ಇಲ್ಲ, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿ ಮಾಡಿದರೆ ಸ್ಪಾಂಜಿನಲ್ಲೇ ಒಣಗಿ ಗಂಟಾಗುತ್ತದೆ. ಡಿಸೆಂಬರ್, ಜನವರಿಯ ಹಗಲು, ನೆರಳಿನಲ್ಲಿ, ಬಹಳ ಒಳ್ಳೆಯದು. ಕೊಡಗು, ಚಿಕ್ಕಮಗಳೂರಿನವರು ಮಾತ್ರ ಮುಂಜಾನೆಯ ಚಳಿ ಬಿಟ್ಟು ಹತ್ತು ಗಂಟೆಯ ಮೇಲೆ ಶುರು ಮಾಡಿ.

ಬಣ್ಣ ಬೇಡ, ಬೇರೆ ದಾರಿ ಹಿಡಿಯಿರಿ ಅನ್ನುವ ಸಂದರ್ಭ

ಸಿಪ್ಪೆ ಎದ್ದ ಪಿಯು, ಹೊಲಿಗೆ ಬಿಟ್ಟ ದಿಂಡು, ಕೈ ತೂರುವಷ್ಟು ಸೀಳು. ಇವಕ್ಕೆ ಕುಶನ್ ವರ್ಕ್ಸ್ ಅಂಗಡಿಯೇ ಸರಿ. ಆದರೆ ಅಲ್ಲಿಯೂ ಐದು ಸೀಟು ಅಂತ ಒಪ್ಪಿಕೊಳ್ಳುವ ಮೊದಲು, ಸವೆದ ಒಂದು ಭಾಗವನ್ನು ಮಾತ್ರ ಬಿಚ್ಚಿ ಹೊಸದು ಹೊಲಿದು ಕೂರಿಸುತ್ತೀರಾ ಅಂತ ಕೇಳಿ. ಕೈಕೆಲಸ ಗೊತ್ತಿರುವವರು ಮಾಡಿಕೊಡುತ್ತಾರೆ. ಫೋಮನ್ನೂ ಆಗಲೇ ಸರಿ ಮಾಡಿಸಬಹುದು. ಬೆಂಗಳೂರಿನವರಿಗೆ ಕಾರಿನ ಸಾಮಾನಿನ ಅಂಗಡಿಗಳ ಜೆ.ಸಿ. ರಸ್ತೆ ಗೊತ್ತೇ ಇದೆ. ಅಲ್ಲಿ ನಾಲ್ಕು ಅಂಗಡಿ ತಿರುಗಿ, ಸಾಮಾನಿನ ತುಂಡನ್ನು ಕೈಯಲ್ಲಿ ಹಿಡಿದು, ಹಿಂಬದಿ ತಿರುಗಿಸಿ ನೋಡಿಯೇ ದರ ಮಾತಾಡಿ. ಹೊಸ ತುಂಡಿನ ಛಾಯೆ ಉಳಿದ ಸೀಟಿಗೆ ಸ್ವಲ್ಪ ಹೊಂದದಿದ್ದರೆ, ಅದರ ಮೇಲೆ ಇದೇ ಪಿಗ್ಮೆಂಟ್ ತೆಳ್ಳಗೆ ಹಚ್ಚಿ ಸೇರಿಸಬಹುದು. ಎರಡು ದಾರಿಯನ್ನು ಕೂಡಿಸಿದ ಈ ಉಪಾಯ ನನಗೆ ತುಂಬ ಇಷ್ಟ.

ಮೇಲೆ ಹಾಕುವ ಸೀಟ್ ಕವರ್ ಅಗ್ಗ, ಒಂದು ಗಂಟೆಯ ಕೆಲಸ. ಆದರೆ ಸೀಟಿನ ಹೊರಪಕ್ಕದಲ್ಲಿ 'ಏರ್‌ಬ್ಯಾಗ್' ಅಂತ ಸಣ್ಣ ಚೀಟಿ ಹೊಲಿದಿದೆಯಾ ನೋಡಿ. ಇದ್ದರೆ ಅಲ್ಲಿಂದ ಸೈಡ್ ಏರ್‌ಬ್ಯಾಗ್ ಹೊರಗೆ ಬರಬೇಕು. ಅಲ್ಲಿನ ಹೊಲಿಗೆಯನ್ನು ಅಪಘಾತದ ಕ್ಷಣದಲ್ಲಿ ಹರಿಯಲಿ ಅಂತಲೇ ಹಾಕಿರುತ್ತಾರೆ. ಬಿಗಿಯಾದ ಕವರ್ ಅದನ್ನು ತಡೆದರೆ ಪ್ರಾಣಕ್ಕೆ ಕುತ್ತು. ಅಂಥ ಸೀಟಿಗೆ ಬಣ್ಣವೇ ವಾಸಿ, ಆದರೂ ಆ ಹೊಲಿಗೆಯ ಮೇಲೆ ಫಿಲ್ಲರ್, ಗಮ್, ದಪ್ಪ ಬಣ್ಣ ಯಾವುದೂ ಬೇಡ. ಕುಶನ್ ಅಂಗಡಿಯವರಿಗೂ ಅದನ್ನು ಬಿಚ್ಚಿ ಹೊಲಿಯಲು ಬಿಡಬೇಡಿ. ಬಣ್ಣ ಹಚ್ಚಲು ಸೀಟನ್ನೇ ಹೊರಗೆ ತೆಗೆಯುವ ಆಲೋಚನೆ ಇದ್ದರೆ ಅದೂ ಬೇಡ. ಕೆಳಗಿರುವ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಸೀಟನ್ನು ಹಿಂದೆ ಮುಂದೆ ಸರಿಸಿಕೊಂಡೇ ಎಲ್ಲ ಕಡೆ ಕೈ ಹೋಗುತ್ತದೆ.

ಖರ್ಚಿನ ಮಾತು. ಕ್ಲೀನರ್, ಆಲ್ಕೋಹಾಲ್, ಫಿಲ್ಲರ್, ಬಣ್ಣ, ಟಾಪ್ ಕೋಟ್ ಎಲ್ಲ ಸೇರಿ ನನಗೆ ಮೂರು ಸಾವಿರದ ಒಳಗೆ ಮುಗಿಯಿತು. ಐದು ಸೀಟಿಗೆ ಹೊಸ ಕವರ್ ಅಂತ ಆ ಅಂಗಡಿಯಲ್ಲಿ ಹೇಳಿದ್ದು ಅದರ ಎಂಟು ಪಟ್ಟು.

ಉಳಿದ ಬಣ್ಣವನ್ನು ಸಣ್ಣ ಗಾಜಿನ ಬಾಟಲಿಗೆ ಹಾಕಿ, ಬೆರೆಸಿದ ಅಳತೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿ ಇಟ್ಟಿದ್ದೇನೆ. ದಿಂಡಿನ ಅಂಚಿನಲ್ಲಿ ಒಂದೆರಡು ಗೀರು ಬಿದ್ದಾಗ ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಮುಟ್ಟಿಸುತ್ತೇನೆ. ಅಪ್ಪನಿಗೆ ಎಣ್ಣೆ ಬಿಡಿ ಅನ್ನಲು ಮನಸ್ಸಾಗಲಿಲ್ಲ. ಅವರ ಹೆಡ್‌ರೆಸ್ಟಿಗೆ ಅಮ್ಮ ಒಂದು ಬಿಳಿ ಟವೆಲ್ ಹೊಲಿದು ತೊಡಿಸಿದ್ದಾರೆ. ಭಾನುವಾರ ಒಗೆಯುವ ಬಟ್ಟೆಯ ಜೊತೆ ಅದೂ ಬಕೆಟ್ಟಿಗೆ ಬೀಳುತ್ತದೆ.